ಹೆಸರಿಲ್ಲದ ಶಾಸನ

ಕಲ್ಲಿನ ಮೇಲೆ ಅಕ್ಷರ ಕಂಡರೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುವ ಚಾಳಿ ನನಗೆ ದೊಡ್ಡಪ್ಪನಿಂದ ಬಂದದ್ದು. ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಬೇಸಿಗೆ ರಜೆ ಬಂತೆಂದರೆ ಬ್ರಷ್ಷು, ಕಾಗದದ ಸುರುಳಿ, ಮಸಿ ಹಿಡಿದು ಊರೂರು ತಿರುಗಿ ಶಾಸನಗಳ ಪಡಿಯಚ್ಚು ತೆಗೆಯುತ್ತಿದ್ದರು. ನೀರಿನ ಕೊಡ ಹೊರುವ ಕೆಲಸ ನನ್ನದು. ಒಮ್ಮೆ ಒಂದು ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ನಾಲ್ಕು ಜನ ಸೇರಿ ಮಗುಚಿದಾಗ ಅಡಿಯಲ್ಲಿ ಹನ್ನೆರಡು ಸಾಲು ಬರಹ ಸಿಕ್ಕಿತು. ದೊಡ್ಡಪ್ಪನ ಕಣ್ಣಲ್ಲಿ ನೀರು. ಮನೆಯಾಕೆ ಮಾತ್ರ ಬಾಗಿಲಲ್ಲಿ ನಿಂತು, "ಓದಿ ಆದ ಮೇಲೆ ಕಲ್ಲು ಮೊದಲಿನ ಹಾಗೇ ಇಡಿ ಮೇಷ್ಟ್ರೇ, ಬಟ್ಟೆ ನೆನೆ ಹಾಕಿದ್ದೇನೆ" ಅಂದರು.

ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿ ಹಳಗನ್ನಡದ ನಡುವೆ ಒಂದು ಪುಟ ಬೇರೆ ಥರ ಇತ್ತು. ಯಾವುದೋ ಇಂಗ್ಲಿಷ್ ಪುಸ್ತಕದಿಂದ ಇಳಿಸಿಕೊಂಡ ಆರು ಸಾಲು, ಕೋಳಿಗಾಲಿನಂಥ ಅಕ್ಷರ, ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಅನುವಾದ. ಜೆರುಸಲೇಮಿನ ಒಂದು ಸುರಂಗದಲ್ಲಿ ಸಿಕ್ಕ ಶಾಸನ ಅದು. ಪಕ್ಕದಲ್ಲಿ ಅವರದೇ ಟಿಪ್ಪಣಿ: "ಅರಸನ ಹೆಸರಿಲ್ಲ! ದೇವರ ಹೆಸರೂ ಇಲ್ಲ!" ಎರಡು ಆಶ್ಚರ್ಯಸೂಚಕ ಚಿಹ್ನೆ. ದೊಡ್ಡಪ್ಪ ಸಾಮಾನ್ಯವಾಗಿ ಒಂದನ್ನೂ ಬಳಸುವವರಲ್ಲ.

ಅವರ ಆಶ್ಚರ್ಯ ಅರ್ಥವಾಗಬೇಕಾದರೆ ನಮ್ಮ ಶಾಸನ ಓದಿರಬೇಕು. "ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣಂ" ಎಂದು ಶುರುವಾದರೆ ಅರಸನ ಹೆಸರು ಬರುವಷ್ಟರಲ್ಲಿ ಓದುವವನಿಗೆ ಏದುಸಿರು. ಕೆರೆ ಕಟ್ಟಿದ ಸಂಗತಿ ಎಲ್ಲೋ ಕೊನೆಗೆ. ಅಂಥದ್ದರಲ್ಲಿ ಒಂದು ದೊಡ್ಡ ನೀರಿನ ಕಾಮಗಾರಿ ಮುಗಿಸಿ, ಕಲ್ಲು ನುಣುಪು ಮಾಡಿ, ಅಕ್ಷರ ಕೆತ್ತಿ, ಕಟ್ಟಿಸಿದವನ ಹೆಸರನ್ನೇ ಬಿಟ್ಟವರು ಯಾರಿರಬಹುದು?

2019ರ ನವೆಂಬರಿನಲ್ಲಿ ನನಗೆ ಅಲ್ಲಿಗೆ ಹೋಗುವ ಯೋಗ ಬಂತು. ನೆರೆಮನೆಯ ಗೆಳೆಯರ ಇಗರ್ಜಿಯಿಂದ ಪವಿತ್ರ ನಾಡಿನ ಯಾತ್ರೆ ಹೊರಟಿತ್ತು. ಕೊನೆಯ ಗಳಿಗೆಯಲ್ಲಿ ಒಂದು ಸೀಟು ಖಾಲಿ. ನಲವತ್ತು ಮಂದಿಯಲ್ಲಿ ಕೊಂಕಣಿ ಪ್ರಾರ್ಥನೆ ಬಾರದವ ನಾನೊಬ್ಬನೇ. ಮೂರನೇ ದಿನಕ್ಕೆ "ನಮಾನ್ ಮರಿಯೆ" ನನಗೂ ಬಾಯಿಪಾಠ ಆಗಿತ್ತು ಅನ್ನಿ.

ಇನ್ನೊಂದು ಆಕರ್ಷಣೆಯೂ ಇತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಜೆರುಸಲೇಮಿನಲ್ಲಿ ಒಬ್ಬ ವೃದ್ಧೆಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೀಗೆ ಇಸ್ರೇಲಿಗೆ ಹೋದವರು ಬಹಳ ಜನ. ನಮ್ಮೂರಿನ ಎಷ್ಟೋ ಮನೆಗಳ ತಾರಸಿ ಎದ್ದದ್ದು ಅಲ್ಲಿನ ಅಜ್ಜ ಅಜ್ಜಿಯರ ಸೇವೆಯಿಂದ. ಆ ವಾರ ಅಜ್ಜಿಯ ಮಗಳು ಬಂದಿದ್ದರಿಂದ ಇವಳಿಗೆ ಎರಡು ದಿನ ಬಿಡುವು ಸಿಕ್ಕಿತ್ತು. "ಸರ್, ನಾನು ಹೀಬ್ರೂ ಮಾತಾಡ್ತೇನೆ, ಆದರೆ ಒಂದಕ್ಷರ ಓದ್ಲಿಕ್ಕೆ ಬರುದಿಲ್ಲ" ಎಂದಳು ಫೋನಿನಲ್ಲಿ. ನನ್ನದು ಅದರ ತಿರುವುಮುರುವು. ಮೂರು ತಿಂಗಳು ಕೂತು ಪ್ರಾಚೀನ ಹೀಬ್ರೂವಿನ ಇಪ್ಪತ್ತೆರಡು ಅಕ್ಷರ ಕಲಿತಿದ್ದೆ. ನೀರು ಬೇಕೆಂದು ಕೇಳಲು ಬರುತ್ತಿರಲಿಲ್ಲ.

ಗಲಿಲೇಯದ ಕಡೆಯದನ್ನೆಲ್ಲ ಬರೆಯುತ್ತಾ ಕೂತರೆ ಜೆರುಸಲೇಮ್ ತಲುಪುವುದಿಲ್ಲ. ಆದರೆ ಹೈಫಾ ಬಗ್ಗೆ ಒಂದು ಮಾತು. ಕಾರ್ಮೆಲ್ ಬೆಟ್ಟದ ಮೇಲಿನ ಸ್ಟೆಲ್ಲಾ ಮಾರಿಸ್ ಮಠದಲ್ಲಿ ನಮ್ಮವರು ಪೂಜೆಗೆ ಕೂತರು. ನಾನು ಹೊರಗೆ ಬಂದು ಕೊಲ್ಲಿಯನ್ನು ನೋಡುತ್ತಾ ನಿಂತೆ. 1918ರ ಸೆಪ್ಟೆಂಬರ್ 23ರಂದು ಈ ಊರನ್ನು ತುರ್ಕರಿಂದ ಗೆದ್ದವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು. ಬೆಟ್ಟದ ಮೇಲೆ ತೋಪುಗಳು, ಕಣಿವೆಯಲ್ಲಿ ಮಷಿನ್‌ಗನ್. ಜೋಧಪುರದವರು ಭರ್ಜಿ ಹಿಡಿದು ಊರಿನತ್ತ ನುಗ್ಗುವಾಗ ಕಾರ್ಮೆಲಿನ ಈ ಕಡಿದಾದ ಏರಿ ಹತ್ತಿ ತೋಪುಗಳ ಬಾಯಿ ಮುಚ್ಚಿಸುವ ಕೆಲಸ ಮೈಸೂರು ಲ್ಯಾನ್ಸರ್ಸ್ ತುಕಡಿಯ ಪಾಲಿಗೆ ಬಂತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಇನ್ನೆರಡು ಜೋಧಪುರ, ಹೈದರಾಬಾದಿನವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಸ್ತಂಭವಿದೆ, ಅದರ ಪಕ್ಕದಲ್ಲಿ ಎಷ್ಟೋ ಸಲ ಸಿಗ್ನಲ್ಲಿಗೆ ಕಾದು ನಿಂತಿದ್ದೇನೆ. ಅಕ್ಷರ ಕಂಡಲ್ಲಿ ಕೂರುವವನು ಅಲ್ಲಿ ಮಾತ್ರ ಒಂದು ದಿನವೂ ಇಳಿದಿಲ್ಲ. ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನ ಇದೆ, ಹೋಗೋಣವೇ ಎಂದು ಕೇಳಿದೆ. ಬಸ್ಸಿಗೆ ಹೊತ್ತಾಗಿತ್ತು.

ಅಲ್ಲಿಂದ ದಕ್ಷಿಣಕ್ಕೆ ಕಡಲ ದಂಡೆಯಲ್ಲೇ ಕೈಸರೇಯ. ಹೆರೋದ ಅರಸ ಕಟ್ಟಿಸಿದ ಬಂದರು. ಇಲ್ಲಿನ ರೋಮನ್ ರಂಗಮಂದಿರವನ್ನು 1961ರಲ್ಲಿ ಇಟಲಿಯ ತಂಡವೊಂದು ಅಗೆಯುತ್ತಿದ್ದಾಗ ಮೆಟ್ಟಿಲಿಗೆ ಹಾಕಿದ್ದ ಒಂದು ಕಲ್ಲಿನಲ್ಲಿ ಲ್ಯಾಟಿನ್ ಅಕ್ಷರ ಕಂಡವು. ಅರ್ಧ ಸವೆದುಹೋಗಿತ್ತು. ಉಳಿದದ್ದರಲ್ಲಿ "ತಿಬೇರಿಯೇವುಮ್" ಎಂಬ ಪದ, "ತಿಯುಸ್ ಪಿಲಾತುಸ್" ಎಂಬ ಪದ. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ಅದೇ ಪೊಂತ್ಯ ಪಿಲಾತ. ಚಕ್ರವರ್ತಿ ತಿಬೇರಿಯನನ್ನು ಮೆಚ್ಚಿಸಲು ಏನನ್ನೋ ಕಟ್ಟಿಸಿ ತನ್ನ ಹೆಸರು ಕೆತ್ತಿಸಿದ್ದ. ಮುನ್ನೂರು ವರ್ಷ ಕಳೆದ ಮೇಲೆ ಯಾರೋ ಗಾರೆಯವರು ಅಳತೆಗೆ ಸರಿಯಾದ ಕಲ್ಲು ಎಂದು ತಂದು ಮೆಟ್ಟಿಲಿಗೆ ಕೂರಿಸಿದರು. ಒಂದು ಕಡೆಯ ಅಕ್ಷರ ಕೆತ್ತಿ ತೆಗೆದದ್ದು ಹೊಂದಿಸುವುದಕ್ಕಾಗಿ. ನನಗೆ ಆ ಹಿತ್ತಿಲಿನ ಒಗೆಯುವ ಕಲ್ಲು ನೆನಪಾಗಿ ನಗು ಬಂತು. ಪಿಲಾತ ಬಯಸಿದ ಹೆಸರು ಮೆಟ್ಟಿಲಾಯಿತು. ಬಯಸದ ಹೆಸರನ್ನು ನಮ್ಮ ಬಸ್ಸಿನ ನಲವತ್ತು ಮಂದಿಯೂ ಭಾನುವಾರ ಭಾನುವಾರ ವಿಶ್ವಾಸ ಸಂಗ್ರಹ ಎಂಬ ಪ್ರಾರ್ಥನೆಯಲ್ಲಿ ಉಚ್ಚರಿಸುತ್ತಾರೆ.

ಕೈಸರೇಯದಲ್ಲಿ ಈಗಿರುವುದು ನಕಲು. ಮೂಲ ಕಲ್ಲು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ. ಗುರುವಾರ ಅಲ್ಲಿಗೆ ವಿದ್ಯಾರ್ಥಿನಿ ಬಂದಳು. ಹತ್ತನೇ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಈಗ ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ನನಗಿಂತ ವೇಗವಾಗಿ ನಡೆಯುತ್ತಾಳೆ, ಟಿಕೆಟಿನವನ ಹತ್ತಿರ ಹೀಬ್ರೂವಿನಲ್ಲಿ ವಾದ ಮಾಡಿ ನನಗೆ ಹಿರಿಯರ ರಿಯಾಯಿತಿ ಕೊಡಿಸಿದಳು.

ಪಿಲಾತನ ಕಲ್ಲಿನ ಮುಂದೆ ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, "ಇವನಿಗೂ ಮಾಡಬೇಕಾ ಅಂತ ಗೊತ್ತಿಲ್ಲ" ಅಂದಳು. ಪಕ್ಕದ ಸಾಲಿನಲ್ಲಿ ದಾನ್ ಎಂಬಲ್ಲಿ 1993ರಲ್ಲಿ ಸಿಕ್ಕ ಅರಾಮಿ ಶಾಸನದ ತುಂಡು. ಅದೂ ಗೋಡೆಗೆ ಕಟ್ಟಿದ್ದ ಕಲ್ಲು. ಅದರಲ್ಲಿ "ದಾವೀದನ ಮನೆತನ" ಎಂಬ ಪದವಿದೆ. ಬೈಬಲಿನಲ್ಲಿ ಬರುವ ದಾವೀದ ಅರಸನ ಹೆಸರು ಅದರ ಹೊರಗೆ ಕಂಡ ಅತ್ಯಂತ ಹಳೆಯ ಬರಹ, ಕ್ರಿಸ್ತಪೂರ್ವ 9ನೇ ಶತಮಾನದ್ದು. ಬರೆಸಿದವನು ದಾವೀದನ ವಂಶದವನಲ್ಲ, ಆ ವಂಶದ ಅರಸನನ್ನು ಕೊಂದೆ ಎಂದು ಕೊಚ್ಚಿಕೊಂಡ ಶತ್ರು! ಹೊಗಳುಭಟರ ಮಾತಿಗಿಂತ ವೈರಿಯ ಸಾಕ್ಷಿಗೆ ತೂಕ ಹೆಚ್ಚು. ಇದನ್ನು ನಮ್ಮಲ್ಲಿ ಚಾಲುಕ್ಯ ಪಲ್ಲವರ ಶಾಸನಗಳನ್ನು ಒಟ್ಟಿಗೆ ಇಟ್ಟು ಓದುವವರು ಬಲ್ಲರು.

ಅದರಾಚೆ ಮಂದ ಬೆಳಕಿನ ಒಂದು ಗಾಜಿನ ಪೆಟ್ಟಿಗೆ. ಒಳಗೆ ಎರಡು ಬೆಳ್ಳಿಯ ಹಾಳೆ, ಸಿಗರೇಟಿನ ಪ್ಯಾಕಿನೊಳಗಿನ ತಗಡಿನ ಹಾಗೆ ಸುಕ್ಕುಗಟ್ಟಿವೆ. 1979ರಲ್ಲಿ ಗೇಬ್ರಿಯಲ್ ಬರ್ಕಾಯ್ ಎಂಬ ಪುರಾತತ್ವಜ್ಞರು ಹಿನ್ನೋಮ್ ಕಣಿವೆಯ ಅಂಚಿನ ಕೇತೆಫ್ ಹಿನ್ನೋಮಿನಲ್ಲಿ ಹಳೆಯ ಸಮಾಧಿ ಗವಿಗಳನ್ನು ಅಗೆಸುತ್ತಿದ್ದರು. ಕೆಲಸಕ್ಕೆ ಶಾಲೆಯ ಮಕ್ಕಳು. ಅವರಲ್ಲಿ ಒಬ್ಬ ತುಂಟ. ಅವನ ಕಾಟ ತಾಳಲಾರದೆ ಬರ್ಕಾಯ್ ಅವನನ್ನು ಒಂದು ಮೂಲೆಯ ಕುಳಿ ಗುಡಿಸಲು ಕಳಿಸಿದರಂತೆ. ಹುಡುಗ ಬೇಸರಕ್ಕೆ ಸುತ್ತಿಗೆಯಿಂದ ನೆಲ ಕುಟ್ಟಿದ. ನೆಲ ಎಂದುಕೊಂಡದ್ದು ಕುಸಿದ ಚಾವಣಿ. ಅದರ ಕೆಳಗೆ ಕಳ್ಳರ ಕೈಗೆ ಸಿಗದೆ ಉಳಿದಿದ್ದ ಒಡವೆಗಳು, ಮಡಕೆಗಳು, ಜೊತೆಗೆ ಸುತ್ತಿಟ್ಟ ಈ ಎರಡು ಹಾಳೆ. (ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ತುಂಟರನ್ನು ಮೂಲೆಗೆ ಕಳಿಸುವುದರಲ್ಲಿ ಲಾಭವೂ ಉಂಟು.) ಬಿಡಿಸಲು ಮೂರು ವರ್ಷ ಹಿಡಿಯಿತು. ಬಿಡಿಸಿದಾಗ ಕಂಡದ್ದು ಕೂದಲೆಳೆಯಷ್ಟು ತೆಳುವಾಗಿ ಗೀಚಿದ ಅಕ್ಷರ: ಬೈಬಲಿನ ಅರಣ್ಯಕಾಂಡದಲ್ಲಿ ಬರುವ ಆಶೀರ್ವಾದದ ಮಾತು. ಬೈಬಲಿನ ಹಳೆಯ ಕೈಬರಹಗಳೆಂದು ಹೆಸರಾದ ಮೃತ ಸಮುದ್ರದ ಸುರುಳಿಗಳಿಗಿಂತಲೂ ಸುಮಾರು ನಾನೂರು ವರ್ಷ ಹಿಂದಿನದು. ಬೈಬಲಿನ ಮಾತು ಬರಹದಲ್ಲಿ ಸಿಕ್ಕಿರುವುದರಲ್ಲಿ ಇದಕ್ಕಿಂತ ಹಳೆಯದಿಲ್ಲ.

ಸುರುಳಿ ಎಂದು ದೊಡ್ಡ ಹೆಸರು, ಆದರೆ ನಮ್ಮ ಕಡೆಯ ಯಾವ ಅಜ್ಜಿಗೆ ತೋರಿಸಿದರೂ ತಾಯಿತ ಅಂದುಬಿಡುತ್ತಾಳೆ. ಕೊರಳಿಗೆ ಕಟ್ಟಿಕೊಂಡು ಬದುಕಿದ್ದು, ಸತ್ತ ಮೇಲೂ ಜೊತೆಗೆ ಇಟ್ಟದ್ದು.

ನಾನು ಚೀಟಿಯಲ್ಲಿ ಬರೆದುಕೊಂಡಿದ್ದ ಅಕ್ಷರಪಟ್ಟಿ ಹಿಡಿದು ಒಂದೊಂದೇ ಗುರುತಿಸುತ್ತಿದ್ದೆ. ಯೋದ್, ಬೇತ್, ರೇಶ್, ಕಾಫ್. "ಯೆ... ವಾ... ರೆ... ಖೆ..." ಎಂದು ಒಂದನೇ ತರಗತಿಯವನ ಹಾಗೆ ಕೂಡಿಸುತ್ತಿದ್ದಾಗ ಅವಳು ತಟ್ಟನೆ ಮುಂದಿನದನ್ನು ಹೇಳಿಬಿಟ್ಟಳು. "ಯೆವಾರೆಖೆಖಾ ಅದೊನಾಯ್ ವೆಯಿಶ್ಮೆರೆಖಾ." ಇಡೀ ಸಾಲು, ತಡವರಿಸದೆ.

"ಇದು ನಮ್ಮ ಅಜ್ಜಿ ಹೇಳುದಲ್ವಾ ಸರ್! ಶುಕ್ರವಾರ ಸಂಜೆ ದೀಪ ಹಚ್ಚಿ ಆದ ಮೇಲೆ ಮಕ್ಕಳ ತಲೆ ಮೇಲೆ ಕೈ ಇಟ್ಟು ಹೇಳುದು. ಮಕ್ಕಳು ಯಾರೂ ಬಾರದಿದ್ರೆ ನನ್ನ ತಲೆ ಮೇಲೆ."

ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ. ಇಪ್ಪತ್ತಾರು ಶತಮಾನದಷ್ಟು ಹಳೆಯ ಮಾತನ್ನು ನಾನು ಗಾಜಿನಾಚೆಯಿಂದ ಓದಲು ಹೆಣಗುತ್ತಿದ್ದೆ. ಅವಳ ತಲೆಯ ಮೇಲೆ ಅದು ಹೋದ ವಾರವಷ್ಟೇ ಇಳಿದಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತೆವು. ಆಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿದದ್ದು, ಅದರ ಬೆಲೆ ಕೇಳಿ ನನಗೆ ಬಿಕ್ಕಳಿಕೆ ಬಂದದ್ದು ಬೇರೆ ಕಥೆ.

ಅದೇ ಮಧ್ಯಾಹ್ನ ಹಳೆಯ ಪಟ್ಟಣ. ಈಗ ಕಾಣುವ ಕೋಟೆಗೋಡೆ ಒಟ್ಟೊಮನ್ ಸುಲ್ತಾನ ಸುಲೇಮಾನನದು, 16ನೇ ಶತಮಾನದ್ದು. ನಮ್ಮ ವಿಜಯನಗರದ ಅಚ್ಯುತರಾಯನ ಕಾಲ ಅಂದುಕೊಳ್ಳಿ. ಒಳಗೆ ಒಂದು ಚದರ ಕಿಲೋಮೀಟರಿಗಿಂತ ಕಡಿಮೆ ಜಾಗ. ಅಷ್ಟರಲ್ಲಿ ಮೂರು ಧರ್ಮದವರು ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಕೂತ ಹಾಗೆ ಬದುಕುತ್ತಾರೆ.

ಪವಿತ್ರ ಸಮಾಧಿಯ ದೇವಾಲಯದಲ್ಲಿ ನನಗೆ ಭಕ್ತಿಗಿಂತ ದಿಗಿಲೇ ಹೆಚ್ಚಾಯಿತು. ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿ 335ರಲ್ಲಿ ಪ್ರತಿಷ್ಠೆ ಮಾಡಿಸಿದ್ದು, 1009ರಲ್ಲಿ ಫಾತಿಮಿ ಖಲೀಫ ಅಲ್ ಹಾಕಿಮ್ ಕೆಡವಿಸಿದ್ದು, ಮತ್ತೆ ಎದ್ದದ್ದು, ಕ್ರುಸೇಡಿನವರು ಹಿಗ್ಗಿಸಿದ್ದು, 1808ರಲ್ಲಿ ಸುಟ್ಟದ್ದು. ಗ್ರೀಕರು, ಲ್ಯಾಟಿನರು, ಆರ್ಮೇನಿಯನ್ನರು, ಕಾಪ್ಟರು, ಸಿರಿಯನ್ನರು, ಇಥಿಯೋಪಿಯನ್ನರು ಎಂದು ಆರು ಪಂಗಡಗಳ ಪಾಲು. ಯಾವ ಕಂಬ ಯಾರದು, ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು ಎಂಬುದಕ್ಕೆಲ್ಲ ಒಟ್ಟೊಮನ್ ಕಾಲದ ಯಥಾಸ್ಥಿತಿಯ ಫರ್ಮಾನೇ ಇವತ್ತಿಗೂ ಆಧಾರ. ಮುಂಬಾಗಿಲ ಮೇಲಿನ ಕಿಟಕಿಗೆ ಒರಗಿಸಿದ ಪುಟ್ಟ ಮರದ ಏಣಿಯೊಂದಿದೆ. ಅದನ್ನು ತೆಗೆಯುವ ಹಕ್ಕು ಯಾರದೆಂದು ಒಪ್ಪಂದವಾಗದೆ 18ನೇ ಶತಮಾನದ ಚಿತ್ರಗಳಲ್ಲಿ ಇದ್ದ ಹಾಗೇ ಈಗಲೂ ಇದೆ. ಬಾಗಿಲ ಬೀಗದ ಕೈ ಎರಡು ಮುಸ್ಲಿಂ ಮನೆತನಗಳ ಕೈಯಲ್ಲಿ: ಇಟ್ಟುಕೊಳ್ಳುವುದು ಒಬ್ಬರು, ಬಾಗಿಲು ತೆರೆಯುವುದು ಇನ್ನೊಬ್ಬರು. ಅಣ್ಣತಮ್ಮಂದಿರ ಪಾಲುಪಟ್ಟಿಯ ಜಗಳದಲ್ಲಿ ಮನೆಯ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟ ಹಾಗೆ. ನಮ್ಮೂರಿನಲ್ಲೂ ಕಂಡಿದ್ದೇನೆ.

ಇದು ನಿಜವಾಗಿ ಯೇಸುವಿನ ಸಮಾಧಿಯೇ ಎಂದು ಕೇಳುವವರಿಗೆ 2016ರಲ್ಲಿ ಒಂದು ಸಣ್ಣ ಉತ್ತರ ಸಿಕ್ಕಿತು. ಅಥೆನ್ಸಿನ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಜೀರ್ಣೋದ್ಧಾರಕ್ಕಾಗಿ ಅಮೃತಶಿಲೆಯ ಹಾಸು ಸರಿಸಿದಾಗ ಕೆಳಗೆ ಬಿರುಕುಬಿಟ್ಟ ಇನ್ನೊಂದು ಹಾಸು, ಅದರಡಿ ಸುಣ್ಣದ ಬಂಡೆ. ಹಾಸಿನಡಿಯ ಗಾರೆಯನ್ನು ಪರೀಕ್ಷಿಸಿದರೆ ಕ್ರಿಸ್ತಶಕ 345ರ ಆಸುಪಾಸು. ಅಂದರೆ ಕಾನ್‌ಸ್ಟಂಟೈನನ ಕಾಲದವರು ಪೂಜಿಸಿದ ಜಾಗ ಇದೇ. ಅದಕ್ಕೂ ಹಿಂದಿನ ಮುನ್ನೂರು ವರ್ಷಕ್ಕೆ ಗಾರೆ ಸಾಕ್ಷಿ ಹೇಳುವುದಿಲ್ಲ. ಈ ಗದ್ದಲ ಇಷ್ಟವಾಗದ ಕೆಲವರು ಡಮಾಸ್ಕಸ್ ಬಾಗಿಲಾಚೆಯ ತೋಟದ ಸಮಾಧಿಗೆ ಹೋಗುತ್ತಾರೆ. ಹೂವು, ಮೌನ, ಬೆಂಚು, ಎಲ್ಲ ಚೆನ್ನಾಗಿದೆ; ಆದರೆ ಆ ಗವಿ ಯೇಸುವಿಗಿಂತ ಏಳೆಂಟು ಶತಮಾನ ಹಳೆಯದೆಂದು ಹೇಳಿದವರೂ ಅದೇ ಬರ್ಕಾಯ್. ಬೈಬಲ್ ಹೇಳುವುದು ಹೊಸ ಸಮಾಧಿ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಮಾಧಿಯಲ್ಲ, ಕಾನ್‌ಸ್ಟಂಟೈನನ ತಾಯಿ ಹೆಲೇನಾಳ ಗುಡಿಗೆ ಇಳಿಯುವ ಮೆಟ್ಟಿಲ ಪಕ್ಕದ ಗೋಡೆ. ನೆಲದಿಂದ ತಲೆಯೆತ್ತರದವರೆಗೆ ಬೆರಳುದ್ದದ ಶಿಲುಬೆಗಳು, ನೂರಾರು, ಒತ್ತೊತ್ತಾಗಿ. ಯಾತ್ರಿಕರು ತಾವೇ ಗೀಚಿದ್ದೆಂದು ನಮಗೆ ಹೇಳಿದರು. ನಾನು ಬೆರಳಾಡಿಸಿ ನೋಡಿದೆ: ಒಂದೇ ಆಳ, ಒಂದೇ ಹದ. ಗೀಚಿದ್ದಲ್ಲ ಇದು, ಉಳಿ ಹಿಡಿದು ಪಳಗಿದ ಕೈ. ಎರಡು ವರ್ಷದ ಮೇಲೆ ಸುದ್ದಿ ಓದಿದೆ. ಆಳ ಅಳೆದು, ಚಿತ್ರ ತೆಗೆದು ಪರಿಶೀಲಿಸಿದ ಸಂಶೋಧಕರೂ ಕೆಲವೇ ಕಲ್ಲುಕುಟಿಗರು ಯಾತ್ರಿಕರ ಪರವಾಗಿ ಕೆತ್ತಿಕೊಟ್ಟಿರಬಹುದು ಎಂದಿದ್ದರು. ದೂರದಿಂದ ನಡೆದುಬಂದವನು ದುಡ್ಡು ಕೊಟ್ಟು, ಊರಿನಲ್ಲಿರುವ ತಾಯಿಯ ಹೆಸರು ಹೇಳಿ, ಒಂದು ಶಿಲುಬೆ ಹಾಕು ಎಂದಿರಬೇಕು. ಹೆಸರು ಗಾಳಿಯಲ್ಲಿ ಹೋಯಿತು, ಗುರುತು ಉಳಿಯಿತು. ದೊಡ್ಡಪ್ಪನಿದ್ದಿದ್ದರೆ ಇಡೀ ಗೋಡೆಗೆ ಕಾಗದ ಹಚ್ಚುತ್ತಿದ್ದರು.

ಇನ್ನು ಬೆಟ್ಟದ ಮೇಲಿನ ಅಂಗಳ. ಯೆಹೂದ್ಯರಿಗೆ ದೇವಾಲಯದ ಬೆಟ್ಟ, ಮುಸ್ಲಿಮರಿಗೆ ಹರಮ್ ಅಲ್ ಶರೀಫ್. ಹೆರೋದ ಹಿಗ್ಗಿಸಿ ಕಟ್ಟಿದ ದೇವಾಲಯವನ್ನು ರೋಮನರು ಕ್ರಿಸ್ತಶಕ 70ರಲ್ಲಿ ಸುಟ್ಟರು. ಅದರ ಒಳ ಆವರಣದ ಸುತ್ತ ಒಂದು ಕಟಾಂಜನವಿತ್ತು, ಅದಕ್ಕೆ ಗ್ರೀಕಿನಲ್ಲಿ ಕೆತ್ತಿದ ಎಚ್ಚರಿಕೆಯ ಕಲ್ಲುಗಳಿದ್ದವು. ಒಂದು ಪೂರ್ತಿ ಕಲ್ಲು 1871ರಲ್ಲಿ ಕ್ಲೆರ್ಮೋಂ ಗಾನ್ನೋ ಎಂಬ ಫ್ರೆಂಚ್ ವಿದ್ವಾಂಸರ ಕಣ್ಣಿಗೆ ಬಿತ್ತು. ಅನ್ಯ ಜನರು ಈ ಕಟಾಂಜನ ದಾಟಿ ಒಳಗೆ ಬರಕೂಡದು, ಸಿಕ್ಕಿಬಿದ್ದವನ ಸಾವಿಗೆ ಅವನೇ ಹೊಣೆ ಎಂಬುದು ಅದರ ಸಾರ. ಇಂದು ಅನ್ಯಧರ್ಮೀಯರು ಮೇಲೆ ಹೋಗಲು ಇರುವುದು ಮುಘ್ರಬಿ ಬಾಗಿಲು ಒಂದೇ. ಅದರ ಹತ್ತಿರ ಯೆಹೂದ್ಯ ಧರ್ಮಪೀಠದ ಫಲಕವಿದೆ: ಈ ಜಾಗದ ಪಾವಿತ್ರ್ಯದ ಕಾರಣ ಧರ್ಮಶಾಸ್ತ್ರದ ಪ್ರಕಾರ ಒಳಗೆ ಹೋಗುವುದು ನಿಷಿದ್ಧ. ಮೇಲೆ ಹೋದರೆ ಚಿನ್ನದ ಗುಮ್ಮಟದ ಬಾಗಿಲಲ್ಲಿ ಮುಸ್ಲಿಮರಲ್ಲದವರಿಗೆ ಒಳಗೆ ಬಿಡುವುದಿಲ್ಲ. ಎರಡು ಸಾವಿರ ವರ್ಷದಲ್ಲಿ ಫಲಕ ಬದಲಾಗಿದೆ, ಬಾಗಿಲು ಕಾಯುವವರು ಬದಲಾಗಿದ್ದಾರೆ. "ಪ್ರವೇಶವಿಲ್ಲ" ಎಂಬ ಪದ ಅಲ್ಲೇ ಇದೆ. ನಮ್ಮ ಕಡೆಯ ಗುಡಿಗಳ ಬಾಗಿಲಲ್ಲಿ ಆ ಪದ ಓದುತ್ತ ಬೆಳೆದವನಿಗೆ ಅದೇನೂ ಹೊಸದಲ್ಲ.

ಹಾಗಾಗಿ ಬಂಡೆಯ ಗುಮ್ಮಟದ ಒಳಗಿನ ಶಾಸನವನ್ನು ನಾನು ನೋಡಲಾಗಲಿಲ್ಲ. ಒಳಗಿನ ಎಂಟು ಮೂಲೆಯ ಕಮಾನುಸಾಲಿನ ಮೇಲ್ಭಾಗದಲ್ಲಿ ಬಂಗಾರದ ಬಣ್ಣದ ಗಾಜಿನ ಹರಳುಗಳಲ್ಲಿ ಬರೆದದ್ದು, ಸುಮಾರು 240 ಮೀಟರ್ ಉದ್ದ. ಕಟ್ಟಿಸಿದವನು ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್, ಹಿಜರಿ 72, ಅಂದರೆ ಕ್ರಿಸ್ತಶಕ 691 ಅಥವಾ 692. ನೂರಿಪ್ಪತ್ತು ವರ್ಷಕ್ಕೂ ಮೇಲೆ ಬೇರೆ ವಂಶದ ಖಲೀಫ ಅಲ್ ಮಾಮೂನ್ ಬಂದ. ಅವನ ಕಾಲದಲ್ಲಿ ಅಬ್ದುಲ್ ಮಲಿಕನ ಹೆಸರಿನ ಹರಳು ಕಿತ್ತು ಅಲ್ ಮಾಮೂನನ ಹೆಸರು ಇಕ್ಕಟ್ಟಾಗಿ ತುರುಕಿದರು. ಇಸವಿ ಮಾತ್ರ 72 ಎಂದೇ ಉಳಿಯಿತು! ತಾನು ಹುಟ್ಟುವುದಕ್ಕೂ ತೊಂಬತ್ತು ವರ್ಷ ಮೊದಲು ಗುಮ್ಮಟ ಕಟ್ಟಿಸಿದ ಪುಣ್ಯಾತ್ಮ. ನಮ್ಮಲ್ಲೂ ಕೂಟಶಾಸನ ಹಿಡಿಯುವುದು ಹೀಗೇ, ಇಸವಿ, ವಾರ, ತಿಥಿಯ ಲೆಕ್ಕ ತಪ್ಪಿದಾಗ. ದೊಡ್ಡಪ್ಪ ಹೇಳುತ್ತಿದ್ದರು, ಸುಳ್ಳು ಬರೆಯುವವನಿಗೆ ಪಂಚಾಂಗ ಗೊತ್ತಿರಬೇಕು ಅಂತ. ಆದರೂ ನನಗೆ ಅನುಮಾನ: ಹರಳು ಜೋಡಿಸುವವನು ನಿಜವಾಗಿ ಮರೆತನೋ, ಅಥವಾ ಕಂಡೂ ಕಾಣದ ಹಾಗೆ ಬಿಟ್ಟನೋ?

ಕೆಳಗೆ ಪಶ್ಚಿಮದ ಗೋಡೆಯ ಸಂದುಗಳಲ್ಲಿ ಜನ ಚೀಟಿ ಸಿಕ್ಕಿಸುತ್ತಾರೆ. ವರ್ಷಕ್ಕೆ ಎರಡು ಸಲ ಅವನ್ನು ತೆಗೆದು ಓದದೆ ಆಲಿವ್ ಬೆಟ್ಟದಲ್ಲಿ ಹೂಳುತ್ತಾರೆ. ಹೆಂಗಸರ ಬದಿಗೆ ಹೋದ ವಿದ್ಯಾರ್ಥಿನಿ ನನ್ನ ಪೆನ್ನು ತೆಗೆದುಕೊಂಡು ಹೋಗಿದ್ದಳು. ಬಂದು ಪೆನ್ನು ಕೊಡುವಾಗ, "ಅಜ್ಜಿಯ ಮಂಡಿನೋವಿಗೆ ಬರೆದೆ ಸರ್, ಕನ್ನಡದಲ್ಲಿ. ಅವರ ದೇವರಿಗೆ ಕನ್ನಡ ಬರ್ತದಾ ಅಂತ ಕೇಳ್ಬೇಡಿ" ಅಂದಳು. ನಾನು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಸುರಂಗ. ಮಧ್ಯಾಹ್ನ ಸಬ್ಬತ್ತಿಗೆ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನಕ್ಕೆ, ಎಲ್ಲ ಮುಚ್ಚುವುದರಿಂದ ಬೇಗ ಹೋದೆವು. ಹಳೆಯ ಪಟ್ಟಣದ ದಕ್ಷಿಣಕ್ಕೆ ಇಳಿಜಾರಿನಲ್ಲಿ ದಾವೀದನ ಪಟ್ಟಣ ಎನ್ನುವ ಉತ್ಖನನದ ಜಾಗ. ಅದೇ ಜಾಗದ ಮೇಲೆ, ಪಕ್ಕದಲ್ಲಿ, ಸಿಲ್ವಾನ್ ಎಂಬ ಪ್ಯಾಲೆಸ್ತೀನಿ ಬಡಾವಣೆ. ಮನೆಗಳ ಅಡಿಯಲ್ಲಿ ಅಗೆದು ಗೋಡೆ ಬಿರುಕುಬಿಟ್ಟಿವೆ ಎಂದು ಅಲ್ಲಿನವರ ದೂರು. ಟಿಕೆಟ್ ಕೊಡುವ ಕಡೆ ಕೊಟ್ಟ ಕಾಗದದಲ್ಲಿ ಮೂರು ಸಾವಿರ ವರ್ಷದ ಕಥೆ ಇತ್ತು, ಮೇಲೆ ಒಣಗಲು ಹಾಕಿದ್ದ ಬಟ್ಟೆಯವರ ಬಗ್ಗೆ ಒಂದು ಸಾಲು ಇರಲಿಲ್ಲ. ಅಗೆಯುವುದು ಎಲ್ಲ ಕಡೆಯೂ ಕುತೂಹಲಕ್ಕೆ ಮಾತ್ರವಲ್ಲ. ಇಲ್ಲಂತೂ ಅಗೆದವನು ನೆಲಕ್ಕೆ ಹಕ್ಕು ಹೇಳುತ್ತಾನೆ. ಇದನ್ನು ಬರೆಯದೆ ಸುರಂಗದ ಸೊಗಸು ಮಾತ್ರ ಹೇಳಿದರೆ ನಾನೂ ಆ ಕಾಗದದ ಹಾಗೇ ಆಗುತ್ತೇನೆ.

ಕ್ರಿಸ್ತಪೂರ್ವ 701. ಅಸ್ಸೀರಿಯದ ಸನ್ಹೇರೀಬ ದಂಡೆತ್ತಿ ಬಂದ. ಯೂದಾಯದ 46 ಪಟ್ಟಣ ಗೆದ್ದೆ, ಅಲ್ಲಿನ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಜೆರುಸಲೇಮಿನಲ್ಲಿ ಕೂಡಿಹಾಕಿದೆ ಎಂದು ಮಣ್ಣಿನ ಪಟ್ಟಕದ ಮೇಲೆ ಬರೆಸಿಕೊಂಡ. ಪಟ್ಟಣ ಹಿಡಿದೆ ಎಂದು ಬರೆಸಲಿಲ್ಲ, ಅಲ್ಲಿಗೆ ತಿಳಿದುಕೊಳ್ಳಬೇಕು. ಪಂಜರದ ಹಕ್ಕಿ ಬದುಕಿದ್ದು ನೀರಿನಿಂದ. ಊರಿನ ಒಂದೇ ಒರತೆ ಗೀಹೋನ್, ಅದು ಕೋಟೆಯಂಚಿನ ಕಣಿವೆಯಲ್ಲಿ. ಹಿಜ್ಕೀಯ ನೀರನ್ನು ಕೊಳಕ್ಕೆ ತಿರುಗಿಸಿ ಪಟ್ಟಣದೊಳಗೆ ತಂದನೆಂದು ಅರಸುಗಳ ಎರಡನೆಯ ಪುಸ್ತಕ ಹೇಳುತ್ತದೆ. ಸುರಂಗದ ಗಾರೆಯಲ್ಲಿ ಸಿಕ್ಕಿಕೊಂಡ ಗಿಡಗಳ ಚೂರುಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಕಾಲವೂ ಕ್ರಿಸ್ತಪೂರ್ವ 700ರ ಆಸುಪಾಸು. ಎರಡು ತಂಡ, ಬೆಟ್ಟದ ಎರಡು ಬದಿಯಿಂದ, ದಿಕ್ಸೂಚಿ ಇಲ್ಲದೆ, ಎಣ್ಣೆ ದೀಪದಲ್ಲಿ ಕೊರೆಯುತ್ತಾ ನಡುವೆ ಕೂಡಿಕೊಂಡರು. ಉದ್ದ 533 ಮೀಟರ್. ಈ ತುದಿಗೂ ಆ ತುದಿಗೂ ಇಳಿಜಾರು ಸುಮಾರು 30 ಸೆಂಟಿಮೀಟರ್, ಅಷ್ಟೇ!

"ಪ್ಯಾಂಟು ಮೇಲೆ ಮಾಡಿಕೊಳ್ಳಿ ಸರ್, ಸುರುವಿಗೆ ನೀರು ತೊಡೆವರೆಗೆ ಉಂಟು" ಎಂದು ಅವಳು ಟಾರ್ಚ್ ಹಿಡಿದು ಮುಂದೆ ಇಳಿದಳು. ಎದೆ ಹಿಂಡುವಷ್ಟು ತಂಪು. ನಾಲ್ಕು ಹೆಜ್ಜೆಗೆ ನೀರು ಮೊಣಕಾಲಿಗೆ ಇಳಿಯಿತು, ಗೋಡೆ ಎರಡೂ ಭುಜಕ್ಕೆ ತಾಗುವಷ್ಟು ಹತ್ತಿರ ಬಂತು. ಕೆಲವು ಕಡೆ ಬೆನ್ನು ಬಗ್ಗಿಸಿಯೇ ನಡೆಯಬೇಕು. ಗೋಡೆಯುದ್ದಕ್ಕೂ ಉಳಿಯ ಗೀರುಗಳು, ಎಲ್ಲವೂ ನಾವು ಹೋಗುತ್ತಿದ್ದ ದಿಕ್ಕಿಗೇ ಬಾಗಿದಂಥವು. ಅವನ್ನು ನೋಡುತ್ತಾ ಹಿಂದೆ ಬಿದ್ದೆ. ತಿರುವಿನಾಚೆ ಅವಳ ಬೆಳಕು ಕಾಣದಾಯಿತು. ನನ್ನ ಮೊಬೈಲಿನ ಟಾರ್ಚ್ ಹಚ್ಚಲು ಹೋಗಿ ಕೈ ಜಾರಿತು; ಪುಣ್ಯಕ್ಕೆ ಕೊರಳಿಗೆ ದಾರ ಕಟ್ಟಿದ್ದೆ. ಕತ್ತಲೆ ಅಂದರೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ನೀರಿನ ಸದ್ದು ಮಾತ್ರ.

ಎಲ್ಲಿಂದಲೋ, ಎಡವೋ ಬಲವೋ ಗೊತ್ತಾಗದ ಹಾಗೆ, ದನಿ ಬಂತು. "ಸರ್... ಇದ್ದೀರಾ?"

"ಇದ್ದೇನೆ ಮಾರಾಯ್ತಿ, ನಿಲ್ಲು" ಎಂದು ಕೂಗಿದೆ. ಕೂಗಿದ ಮೇಲೆ ಮೈ ಜುಮ್ಮೆಂದಿತು. ದೊಡ್ಡಪ್ಪನ ಪೆನ್ಸಿಲಿನ ಅನುವಾದ ನನಗೆ ಬಾಯಿಪಾಠ: "ಸುರಂಗ ಕೊರೆದ ಸಂಗತಿ ಇದು. ಕುಟಿಗರು ಒಬ್ಬನ ಎದುರಿಗೆ ಒಬ್ಬ ಪಿಕಾಸಿ ಬೀಸುತ್ತಿರಲು, ಇನ್ನೂ ಮೂರು ಮೊಳ ಉಳಿದಿರಲು, ಒಬ್ಬನು ತನ್ನ ಜೊತೆಗಾರನನ್ನು ಕರೆಯುವ ದನಿ ಕೇಳಿಸಿತು."

ನಡುಭಾಗದಲ್ಲಿ ಅವಳು ಕಾಯುತ್ತಿದ್ದಳು. ಅಲ್ಲಿ ಸುರಂಗ ಅತ್ತ ಇತ್ತ ತಡಕಾಡುತ್ತದೆ. ಕೊರೆಯಲು ಶುರುಮಾಡಿ ಬಿಟ್ಟುಬಿಟ್ಟ ಕುರುಡು ಬಾಯಿಗಳು, ಸದ್ದು ಕೇಳಿ ಹೊರಳಿದ ತಿರುವುಗಳು. ಅಲ್ಲಿಂದ ಮುಂದೆ ಉಳಿಯ ಗೀರುಗಳ ದಿಕ್ಕು ಬದಲು. ಈಗ ಅವು ನಮಗೆ ಎದುರಾಗಿ ಬರುತ್ತಿದ್ದವು, ಆಚೆ ತುದಿಯಿಂದ ಬಂದ ಕೈಗಳವು. ಸಂಧಿಸಿದ ಜಾಗಕ್ಕೆ ಅಂಗೈ ಒತ್ತಿ ನಿಂತೆ. ಹಿಂದೆ ಬರುತ್ತಿದ್ದ ಯಾವುದೋ ಶಾಲೆಯ ಮಕ್ಕಳು ಹಾಡುತ್ತಾ ನೀರು ಎರಚುತ್ತಾ ಬಂದು ನಮ್ಮನ್ನು ಮುಂದೆ ತಳ್ಳಿದರು.

ಹೊರಬಾಯಿಗೆ ಆರು ಮೀಟರ್ ಇರುವಾಗ ಎಡವಟ್ಟಾಗಿ ಬಿದ್ದ ಹುಡುಗನೊಬ್ಬ 1880ರಲ್ಲಿ ಆ ಆರು ಸಾಲು ಕಂಡನೆಂದು ಕಥೆ. ಇಲ್ಲೂ ಶಾಲೆಯ ಹುಡುಗರೇ. ಹತ್ತು ವರ್ಷದ ಮೇಲೆ ಕಳ್ಳರು ಬಂಡೆಯಿಂದ ಕಡಿದರು, ಕಡಿಯುವಾಗ ಒಡೆಯಿತು, ಒಟ್ಟೊಮನ್ ಅಧಿಕಾರಿಗಳು ಹಿಡಿದು ಇಸ್ತಾಂಬುಲಿಗೆ ಸಾಗಿಸಿದರು. ಈಗ ಗೋಡೆಯಲ್ಲಿರುವುದು ನಕಲು. ನುಣುಪು ಮಾಡಿದ ಚೌಕದ ಕೆಳಗಿನ ಅರ್ಧದಲ್ಲಿ ಬರಹವಿತ್ತು, ಮೇಲಿನ ಅರ್ಧ ಖಾಲಿ. ಅರಸನ ಪ್ರಶಸ್ತಿಗೆಂದು ಬಿಟ್ಟ ಜಾಗವೋ ಏನೋ. ಪ್ರಶಸ್ತಿ ಬರಲೇ ಇಲ್ಲ. "ಪಿಕಾಸಿಗೆ ಪಿಕಾಸಿ ತಾಗಿತು, ನೀರು ಒರತೆಯಿಂದ ಕೊಳಕ್ಕೆ 1200 ಮೊಳ ಹರಿಯಿತು" ಎನ್ನುವಲ್ಲಿಗೆ ಮಾತು ಮುಗಿಯಿತು. ತಲೆಯ ಮೇಲಿನ ಬಂಡೆ 100 ಮೊಳ ಎಂಬುದೊಂದು ಕೊಸರು. 533 ಮೀಟರನ್ನು 1200ರಿಂದ ಭಾಗಿಸಿ ನೋಡಿ, ಮೊಳಕ್ಕೆ 44 ಸೆಂಟಿಮೀಟರ್. ಮಂಗಳೂರಿನಲ್ಲಿ ಮಲ್ಲಿಗೆ ಅಳೆದು ಕೊಡುವವಳ ಮೊಳವೂ ಹೆಚ್ಚುಕಡಿಮೆ ಅಷ್ಟೇ.

ಹಿಜ್ಕೀಯನ ಹೆಸರು ಎಲ್ಲೂ ಇಲ್ಲವೆಂದಲ್ಲ. 2015ರಲ್ಲಿ ಪುರಾತತ್ವಜ್ಞೆ ಐಲಾತ್ ಮಝರ್ ಒಂದು ಮಣ್ಣಿನ ಮುದ್ರೆಯನ್ನು ಪ್ರಕಟಿಸಿದರು: "ಆಹಾಜನ ಮಗ ಹಿಜ್ಕೀಯ, ಯೂದಾಯದ ಅರಸನದು." ಒಂದು ಸೆಂಟಿಮೀಟರ್ ಅಗಲ, ಕಿರುಬೆರಳಿನ ಉಗುರಿನಷ್ಟು. ಸಿಕ್ಕಿದ್ದು ಕಸದ ಗುಡ್ಡೆಯಲ್ಲಿ.

ಬಿಸಿಲಿಗೆ ಬಂದು ಸಿಲೊವಾಮ್ ಕೊಳದ ಮೆಟ್ಟಿಲ ಮೇಲೆ ಕಾಲು ಒಣಗಿಸುತ್ತಾ ಕೂತೆವು. ಯೇಸುವಿನ ಕಾಲದ ದೊಡ್ಡ ಕೊಳ ಇನ್ನೂ ಸ್ವಲ್ಪ ಆಚೆ. 2004ರಲ್ಲಿ ಒಳಚರಂಡಿಯ ಪೈಪು ಸರಿಮಾಡಲು ಬಂದವರ ಯಂತ್ರಕ್ಕೆ ತಾಗಿ ಅದರ ಮೆಟ್ಟಿಲು ಕಂಡವು. ಹುಟ್ಟುಗುರುಡನಿಗೆ ಕಣ್ಣು ಬಂದ ಕೊಳ ಎಂದು ಅವಳು ಬಾಟಲಿಯಲ್ಲಿ ನೀರು ತುಂಬಿಕೊಂಡಳು. ಅಜ್ಜಿಗೋ ಎಂದೆ. "ಅಲ್ಲ, ಅಮ್ಮನಿಗೆ. ನೀವು ಊರಿಗೆ ತಕೊಂಡು ಹೋಗ್ಬೇಕು."

ವಾಪಸು ಇಸ್ತಾಂಬುಲ್ ಮೂಲಕ ಮುಂಬಯಿಗೆ. ನಡುವೆ ನಾಲ್ಕು ಗಂಟೆ ಬಿಡುವು, ಊರೊಳಗೆ ಹೋಗಿಬರುವಷ್ಟಲ್ಲ. ಆರು ಸಾಲಿನ ಮೂಲ ಕಲ್ಲು ಅದೇ ಊರಿನ ಮ್ಯೂಸಿಯಮ್ಮಿನಲ್ಲಿ. ಕಟಾಂಜನದ ಎಚ್ಚರಿಕೆಯ ಕಲ್ಲೂ ಅಲ್ಲೇ. ನಾನು ವಿಮಾನ ನಿಲ್ದಾಣದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬ್ಯಾಗಿನೊಳಗೆ ಬಾಟಲಿ ಬಟ್ಟೆ ಸುತ್ತಿ ಭದ್ರವಾಗಿದೆ. ಹೊಟ್ಟೆಯುರಿಗೆ ಅವಳಿಗೊಂದು ಮೆಸೇಜು ಹಾಕಿದೆ: ಇಷ್ಟು ಹತ್ತಿರ ಬಂದೂ ಕಲ್ಲು ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಕಲ್ಲು ಇದ್ದವರಿಗೆ ಗುಹೆ ಇಲ್ಲ ಸರ್. ಅಜ್ಜಿಗೆ ಗಂಜಿ ಕೊಡುವ ಹೊತ್ತಾಯ್ತು, ಆಮೇಲೆ ಮಾಡ್ತೇನೆ."